ಸಂಕದ ಆಚೆಗೆ ಮುಖ ಮಾಡಿದ ಕ್ಯಾಮೆರಾ

ಶಿರಸಿ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮೊದಲು ಟೀವಿ ರಿಪೇರಿ ಮಾಡುತ್ತಿದ್ದೆ. ಆಮೇಲೆ ಮನೆಮನೆಯ ಮಾಡು ಹತ್ತಿ ಡಿಶ್ ಕೂರಿಸಿದೆ. ಈಗ ಕೆಲವು ವರ್ಷಗಳಿಂದ ಸಿಸಿ ಕ್ಯಾಮೆರಾ ಹಾಕುತ್ತೇನೆ. ಏಣಿ, ಡ್ರಿಲ್ಲು ಎಲ್ಲ ಹಳೆಯವೇ. ಮೊದಲು ಜನ ಲೋಕವನ್ನು ನೋಡಲು ನನ್ನನ್ನು ಕರೆಯುತ್ತಿದ್ದರು, ಈಗ ನೆರೆಯವರನ್ನು ನೋಡಲು ಕರೆಯುತ್ತಾರೆ. ಅಷ್ಟೇ ವ್ಯತ್ಯಾಸ.

ಅಡಿಕೆಗೂ ಕಾಳುಮೆಣಸಿಗೂ ದರ ಬಂದ ವರ್ಷ ನನಗೂ ಕೈತುಂಬ ಕೆಲಸ. ದರ ಏರಿತು ಎಂದು ಪೇಪರಿನಲ್ಲಿ ಬಂದ ಮರುದಿನವೇ ಫೋನು ಬರಲು ಶುರುವಾಗುತ್ತದೆ. ಕಳ್ಳರು ಇನ್ನೂ ಪೇಪರು ಓದಿರುವುದಿಲ್ಲ, ಅಷ್ಟರಲ್ಲೇ ಅವರ ಸುದ್ದಿ ಎಲ್ಲ ಜಗಲಿಗಳಲ್ಲೂ ಓಡಾಡುತ್ತಿರುತ್ತದೆ. ವಾನಳ್ಳಿಯಲ್ಲಿ ಹಾಕಿದ್ದೇನೆ, ತ್ಯಾಗಲಿಯಲ್ಲಿ ಹಾಕಿದ್ದೇನೆ, ಮನ್ಮನೆಯಲ್ಲಿ ಗದ್ದೆಯ ಪಂಪ್‌ಸೆಟ್ಟಿಗೂ ಹಾಕಿದ್ದೇನೆ. ಯಲ್ಲಾಪುರದ ಕಡೆಯ ಒಬ್ಬರು ಕ್ಯಾಮೆರಾ ಹಾಕಿಸಿ, ಅದನ್ನು ಉಗ್ರಾಣದ ಕಡೆ ಬಿಟ್ಟು ಪಾಲಾದ ತಮ್ಮನ ಬೇಲಿಯ ಕಡೆ ತಿರುಗಿಸಲು ಹೇಳಿದ್ದರು. ಕಳ್ಳ ಎಲ್ಲಿಂದ ಬರುತ್ತಾನೆ ಎಂಬುದರ ಬಗ್ಗೆ ನಮ್ಮ ಕಡೆಯವರಿಗೆ ಬಹಳ ಖಚಿತವಾದ ಅಭಿಪ್ರಾಯಗಳಿರುತ್ತವೆ.

ಈಗ ಹೇಳುತ್ತಿರುವುದು ಸಿದ್ದಾಪುರದ ಕಡೆಯ ಒಂದು ಊರಿನ ವಿಷಯ. ಹೆಸರು ಬೇಡ. ಊರೆಂದರೆ ಹಳ್ಳದ ಈಚೆ ತೋಟದ ಮನೆಗಳು, ಆಚೆ ಕೆಲಸಕ್ಕೆ ಬರುವವರ ಕೇರಿ. ನಡುವೆ ದಾಟಲು ಒಂದು ಸಂಕ. ಅದು ಮೊದಲು ಮರದ ದಿಮ್ಮಿಯದಿತ್ತು, ಈಗ ಸಿಮೆಂಟಿನದು. ಕೇರಿಯ ಮನೆಗಳು ಇರುವುದು ಅರಣ್ಯದ ಜಾಗದಲ್ಲಿ. ಅವರ ಅಜ್ಜಂದಿರು ಅಲ್ಲೇ ಇದ್ದರು, ಆದರೆ ಅಜ್ಜಂದಿರು ಕಾಗದ ಮಾಡಿಸಿರಲಿಲ್ಲ. ಹೀಗಾಗಿ ಮೊಮ್ಮಕ್ಕಳು ಸರ್ಕಾರದ ಭಾಷೆಯಲ್ಲಿ ಅತಿಕ್ರಮಣದಾರರು.

ಆ ಊರಿನ ಯಜಮಾನರ ಮನೆಯಲ್ಲಿ ದರ ಏರಲೆಂದು ಇಟ್ಟುಕೊಂಡಿದ್ದ ಕಾಳುಮೆಣಸಿನ ಚೀಲವೊಂದು ಉಗ್ರಾಣದಿಂದ ಮಾಯವಾಯಿತು. ಬೀಗ ಒಡೆದಿರಲಿಲ್ಲ, ಹೆಂಚು ಸರಿದಿರಲಿಲ್ಲ. ಬೀಗದ ಕೈ ಎಲ್ಲಿರುತ್ತದೆಂದು ಬಲ್ಲವರ ಕೆಲಸ ಎಂದು ಯಾರಿಗಾದರೂ ತೋಚಬೇಕು. ಯಾರಿಗೂ ತೋಚಲಿಲ್ಲ. ಅದರ ಬದಲು ಒಂದು ಸಮಿತಿಯಾಯಿತು, ಯಜಮಾನರು ಅದರ ಅಧ್ಯಕ್ಷರಾದರು. ಸಮಿತಿ ಮಾಡಿದ ಮೊದಲ ಕೆಲಸವೆಂದರೆ ಕೇರಿಯ ಇಬ್ಬರ ಹೆಸರನ್ನು ಪೊಲೀಸರಿಗೆ ಕೊಟ್ಟದ್ದು. ಅವರಿಬ್ಬರು ಒಂದು ದಿನದ ಕೆಲಸ ಬಿಟ್ಟು ಹೋಗಿ, ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಕೇಳಿದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ ಬಂದರು. ಎರಡನೆಯ ಕೆಲಸವೆಂದರೆ ನನ್ನನ್ನು ಕರೆದದ್ದು.

ನಾನು ಹೋದ ದಿನ ಜಗಲಿಯ ಮೇಲೆ ಸಭೆ ನಡೆದಿತ್ತು. ನಾನು ಆ ಮನೆಗಳ ಜಾತಿಯವನೇ, ಅವರ ಮಾತೇ ನನ್ನ ಮಾತು. ಆದರೆ ತೋಟ ಇಲ್ಲದವನು. ನನ್ನಪ್ಪ ಮದುವೆ ಮುಂಜಿಗಳಲ್ಲಿ ಅಡುಗೆ ಮಾಡುತ್ತಿದ್ದ. ಊಟ ಮುಗಿದ ಮೇಲೆ ಮಿಕ್ಕಿದ ಲಾಡು, ಒಡೆಯದ ತೆಂಗಿನಕಾಯಿ ಅಪ್ಪನ ಪಂಚೆಯ ಗಂಟಿನಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಯಾರೂ ಅದನ್ನು ಕೇಳುತ್ತಿರಲಿಲ್ಲ. ನಮ್ಮವನಲ್ಲವೆ, ಒಯ್ಯಲಿ ಎನ್ನುತ್ತಿದ್ದರು. ಅದೇ ಲಾಡನ್ನು ಪಾತ್ರೆ ತೊಳೆಯುವ ಹೆಂಗಸು ಸೆರಗಿನಲ್ಲಿ ಕಟ್ಟಿಕೊಂಡರೆ ಅಂಗಳದಲ್ಲಿ ದೊಡ್ಡ ದನಿ ಕೇಳುತ್ತಿತ್ತು. ಇದನ್ನೆಲ್ಲ ನೋಡಿಕೊಂಡೇ ನಾನು ಬೆಳೆದದ್ದು. ಹಾಗಾಗಿ ಇಂಥ ಜಗಲಿಯಲ್ಲಿ ನನಗೆ ಕುರ್ಚಿ ಸಿಗುತ್ತದೆ, ಆದರೆ ಕಂಬದ ಪಕ್ಕದ್ದು.

ಸಭೆಯಲ್ಲಿ ನಿವೃತ್ತ ಲೆಕ್ಚರರ್ ಒಬ್ಬರು ಮಾತಾಡಿದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ನಿವೃತ್ತಿಯಾದ ಮೇಲೂ ಪಾಠ ಬಿಟ್ಟಿರಲಿಲ್ಲ, ವಿದ್ಯಾರ್ಥಿಗಳು ಮಾತ್ರ ಬಿಟ್ಟಿದ್ದರು. ಬಡತನಕ್ಕೂ ಅಪರಾಧಕ್ಕೂ ಇರುವ ಸಂಬಂಧವನ್ನು ಅವರು ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದೇ ವಿವರಿಸಿದರು. ಆದಾಯ ಕಡಿಮೆಯಿದ್ದಲ್ಲಿ ಆಸೆ ಹೆಚ್ಚು, ಆಸೆ ಹೆಚ್ಚಿದ್ದಲ್ಲಿ ಕಳವು ಸಹಜ, ಇದರಲ್ಲಿ ವ್ಯಕ್ತಿಯ ತಪ್ಪಿಗಿಂತ ಪರಿಸ್ಥಿತಿಯ ತಪ್ಪು ದೊಡ್ಡದು ಎಂದರು. ಕೇಳಲು ಬಹಳ ಉದಾರವಾಗಿತ್ತು. ಪರಿಸ್ಥಿತಿಯ ಮೇಲೆ ಕೇಸು ಹಾಕಲು ಬರುವುದಿಲ್ಲವಾದ್ದರಿಂದ ಕೇರಿಯ ಮೇಲೆ ಕ್ಯಾಮೆರಾ ಹಾಕುವುದೆಂದು ತೀರ್ಮಾನವಾಯಿತು. ಕೂಲಿ ಏರಿಸಿದರೆ ಪರಿಸ್ಥಿತಿ ಸುಧಾರಿಸಬಹುದೇ ಎಂದು ಒಬ್ಬ ಹಿರಿಯರು ಮೂಲೆಯಿಂದ ಕೇಳಿದರು. ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಚರ್ಚೆ ಎಲ್ಲಿಗೆ ಬಂದಿದೆಯೆಂದು ಗೊತ್ತಾಗಿಲ್ಲ ಎಂದು ಉಳಿದವರು ಸಮಾಧಾನ ಮಾಡಿಕೊಂಡರು.

ಯಜಮಾನರು ನನ್ನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಅಂಗಳದ ತುದಿಗೆ, ಬೆಟ್ಟದ ಬುಡದಲ್ಲಿ ಒಂದು ಕಬ್ಬಿಣದ ಕಂಬ ಹುಗಿಸಿದ್ದರು.

“ತಮಾ, ಸಂಕದ ಬದಿಗೇ ಮುಖ ಮಾಡಿ ಹಾಕು. ಅತ್ಲಾಗಿಂದ ಯಾರು ಬತ್ತ, ಯಾರು ಹೋಗ್ತ, ಕೈಲಿ ಎಂತ ಇದ್ದು ಹೇಳಿ ಯಂಗಕ್ಕಿಗೆ ಗೊತ್ತಾಗವು” ಎಂದರು.

ಕಳವಾದದ್ದು ಉಗ್ರಾಣದಿಂದ, ಅಲ್ಲಿಗೂ ಒಂದು ಇರಲಿ ಎಂದೆ. ಅವರಿಗೆ ಅದು ಅಷ್ಟು ಮುಖ್ಯವೆನಿಸಲಿಲ್ಲ. ಸಂಕಕ್ಕೆ, ಸಂಕದಿಂದ ಬರುವ ದಾರಿಗೆ, ದಾರಿ ತಿರುಗುವ ಮೂಲೆಗೆ ಎಂದು ಎಲ್ಲ ಹಾಕಿ ಮುಗಿದ ಮೇಲೆ ಸೆಟ್ಟಿನಲ್ಲಿ ಒಂದು ಕ್ಯಾಮೆರಾ ಉಳಿಯಿತು. ಉಳಿದದ್ದನ್ನು ಉಗ್ರಾಣದ ಬಾಗಿಲ ಮೇಲೆ ಕೂರಿಸಿ ಬಂದೆ. ಎಲ್ಲವನ್ನೂ ರೆಕಾರ್ಡ್ ಮಾಡುವ ಪೆಟ್ಟಿಗೆಯನ್ನು ದೇವರ ಕೋಣೆಯಲ್ಲಿಟ್ಟರು. ಅಲ್ಲಿಗೆ ಹೊರಗಿನವರು ಬರುವುದಿಲ್ಲವಂತೆ. ಸಮಿತಿಯ ಸದಸ್ಯರೆಲ್ಲರ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟೆ.

ಆಮೇಲೆ ಊರಿಗೆ ಊರೇ ಧಾರಾವಾಹಿ ನೋಡುವುದನ್ನು ಬಿಟ್ಟಿತು. ಸಂಕವೇ ಸಾಕಾಯಿತು. ಯಾರು ಎಷ್ಟು ಹೊತ್ತಿಗೆ ದಾಟಿದರು, ಯಾರ ಮನೆಗೆ ನೆಂಟರು ಬಂದರು, ಯಾರ ಮಗಳು ಯಾವ ಬಣ್ಣದ ಚೂಡಿದಾರ ಹಾಕಿದ್ದಳು ಎಲ್ಲವೂ ಸಮಿತಿಯ ವಾಟ್ಸಾಪಿನಲ್ಲಿ ಚರ್ಚೆಯಾಗುತ್ತಿತ್ತು. ಕೇರಿಯ ಒಬ್ಬರು ಹೊಸ ಮಿಕ್ಸರ್ ಡಬ್ಬ ಹೊತ್ತು ದಾಟಿದ್ದು ದೊಡ್ಡ ಸುದ್ದಿಯಾಗಿ, ಅದಕ್ಕೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಿತು. ತಮ್ಮ ಮನೆಗಳಿಗೆ ಬಂದ ಹೊಸ ಕಾರುಗಳಿಗೆ ಹಣ ಎಲ್ಲಿಂದ ಬಂತೆಂದು ಯಾರೂ ಕೇಳಿಕೊಳ್ಳಲಿಲ್ಲ, ಅದು ದರದಿಂದ ಬಂದದ್ದು. ಬಡವರು ಬಡವರಂತೆ ಕಂಡರೆ ಅನುಮಾನ, ಬಡವರಂತೆ ಕಾಣದಿದ್ದರೆ ಪುರಾವೆ. ನಾನು ಸರ್ವಿಸಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಮೊಬೈಲು ಮುಂದೆ ಹಿಡಿದು, ಇದನ್ನು ದೊಡ್ಡದು ಮಾಡುವುದು ಹೇಗೆ, ಮುಖ ಸ್ಪಷ್ಟ ಕಾಣುವ ಹಾಗೆ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಿದ್ದರು. ಎಲ್ಲರಿಗೂ ಕಲಿಸಿದೆ. ಬೇಗ ಕಲಿತರು.

ಹೀಗಿರುವಾಗ ಒಂದು ಮಧ್ಯಾಹ್ನ ಕೇರಿಯ ಹೆಂಗಸೊಬ್ಬಳು ತಲೆಯ ಮೇಲೆ ಬಾಳೆಗೊನೆ ಹೊತ್ತು ಸಂಕ ದಾಟಿದ್ದು ಕ್ಯಾಮೆರಾದಲ್ಲಿ ಬಂತು. ಆಕೆ ಆ ಊರಿನ ಕೊನೆಗೌಡನ ಹೆಂಡತಿ. ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಒಂದು ಮರದಿಂದ ಇನ್ನೊಂದಕ್ಕೆ ಜೋಲಿ ಹೊಡೆದು ದಾಟುವಂಥವನು. ಅವನಂಥವರು ಈಗ ಊರಿಗೊಬ್ಬರೂ ಸಿಗುವುದಿಲ್ಲ. ಹೆಂಡತಿ ಅದೇ ತೋಟಗಳಲ್ಲಿ ಅಡಿಕೆ ಹೆಕ್ಕುವ, ಸೊಪ್ಪು ಹೊರುವ ಕೆಲಸಕ್ಕೆ ಬರುತ್ತಿದ್ದಳು. ಯಾರೋ ಉತ್ಸಾಹಿಗಳು ಆ ಚಿತ್ರ ತೆಗೆದು, ಬಾಳೆಗೊನೆಯ ಸುತ್ತ ಕೆಂಪು ಗೆರೆ ಎಳೆದು, ಗ್ರೂಪಿಗೆ ಹಾಕಿದರು. ಕತ್ತಲೆಯಾಗುವುದರೊಳಗೆ ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ ನನ್ನ ಅಂಗಡಿಗೂ ಬಂತು. ಕೆಳಗೆ ಕೈಮುಗಿಯುವ ಗುರುತು ಹಾಕಿ, ಎಚ್ಚರವಿರಲಿ ಎಂದು ಬರೆದಿದ್ದರು.

ಮರುದಿನ ಬೆಳಿಗ್ಗೆ ಗಂಡಹೆಂಡಿರನ್ನು ಯಜಮಾನರ ಅಂಗಳಕ್ಕೆ ಕರೆಸಿದರು. ದೃಶ್ಯವನ್ನು ಟೀವಿಗೆ ಹಾಕಿ ತೋರಿಸಬೇಕೆಂದು ನನ್ನನ್ನೂ ಕರೆಸಿದ್ದರು. ಗೊನೆ ಎಲ್ಲಿಂದ ಬಂತೆಂದು ಯಜಮಾನರು ಕೇಳಿದರು. ಆಕೆ ಅಂಗಳದಲ್ಲೇ ನಿಂತು, ಮೊದಲು ಟೀವಿ ನೋಡಿದಳು. ತನ್ನನ್ನು ತಾನು ಟೀವಿಯಲ್ಲಿ ನೋಡಿದ್ದು ಅದೇ ಮೊದಲು ಇರಬೇಕು.

“ಅಮ್ಮೋರು ಕೊಟ್ಟಿದ್ದು ಒಡ್ಯಾ. ಬೇಕಾರೆ ಒಳಗೆ ಕೇಳಿ” ಎಂದಳು.

ಒಳಗೆ ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಕದ್ದವರು ಹೇಳುವುದು ಹಾಗೇ ಎಂದು ಒಬ್ಬರು, ಗೊನೆ ಸಣ್ಣದಿರಬಹುದು ಆದರೆ ಪ್ರವೃತ್ತಿ ದೊಡ್ಡದು ಎಂದು ಲೆಕ್ಚರರ್ ಹೇಳಿದರು. ಕೊನೆಗೌಡ ತಲೆ ತಗ್ಗಿಸಿಕೊಂಡು ನಿಂತಿದ್ದ. ಅಷ್ಟರಲ್ಲಿ ಒಳಗಿನಿಂದ ಯಜಮಾನರ ಹೆಂಡತಿ ಕೈ ಒರೆಸಿಕೊಳ್ಳುತ್ತ ಜಗಲಿಗೆ ಬಂದರು. ಸಮಿತಿಯ ಸಭೆಗಳಿಗೆ ಅವಲಕ್ಕಿ ಕಲಸಿ ಕಳಿಸುವುದು ಬಿಟ್ಟರೆ ಅವರು ಆ ಜಗಲಿಯ ಮಾತುಕತೆಗೆ ಬಂದದ್ದನ್ನು ನಾನು ನೋಡಿರಲಿಲ್ಲ.

“ಗೊನೆ ಆನೇ ಕೊಟ್ಟಿದ್ದು. ಹಣ್ಣಾಗಿ ಉದುರ್ತಾ ಇತ್ತು, ನಿಂಗ ಯಾರೂ ತಿಂತ್ರಿಲ್ಲೆ” ಎಂದರು.

ಯಜಮಾನರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆದರೆ ಅಧ್ಯಕ್ಷರಾದವರು ಹಾಗೆ ಸೋಲಬಾರದು.

“ಕೊಡದಾದ್ರೆ ಒಂದ್ ಮಾತು ಹೇಳಿ ಕೊಡವು. ಈಗ ಊರಲ್ಲಿ ಸಮಿತಿ ಹೇಳಿ ಒಂದಿದ್ದು” ಎಂದರು.

ಇನ್ನು ಮೇಲೆ ಯಾರ ಮನೆಯಿಂದ ಏನೇ ಕೊಟ್ಟರೂ ಜೊತೆಗೊಂದು ಚೀಟಿ ಬರೆದು ಕೊಡುವುದೆಂದು ಅಲ್ಲೇ ನಿಯಮವಾಯಿತು. ಸಭೆ ಮುಗಿಯಿತು. ಆ ಹೆಂಗಸಿಗೆ ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಕೆಂಪು ಗೆರೆಯ ಚಿತ್ರ ಎಷ್ಟು ದೂರ ಹೋಗಿತ್ತೋ, ಅಮ್ಮನೇ ಕೊಟ್ಟದ್ದು ಎಂಬ ಮಾತು ಅಂಗಳವನ್ನೂ ದಾಟಲಿಲ್ಲ. ಯಲ್ಲಾಪುರದಲ್ಲಿರುವ ಆಕೆಯ ತಂಗಿಯ ಗಂಡ ಫೋನು ಮಾಡಿ, ಏನು ಇಂಥ ಕೆಲಸ ಮಾಡಿದೆ ಎಂದು ಕೇಳಿದನಂತೆ.

ಮರುದಿನ ಕೇರಿಯಿಂದ ಯಾರೂ ಕೆಲಸಕ್ಕೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಕೊನೆ ಕೊಯ್ಲಿನ ನಡುಗಾಲ ಅದು. ಹಣ್ಣಾದ ಅಡಿಕೆ ಉದುರತೊಡಗಿತ್ತು. ಸಮಿತಿಯವರು ಮೊಬೈಲಿನಲ್ಲಿ ಸಂಕವನ್ನು ನೋಡಿಯೇ ನೋಡಿದರು. ಸಂಕ ಖಾಲಿ. ಕಳ್ಳರು ದಾಟಬಾರದೆಂದು ಹಾಕಿಸಿದ ಕ್ಯಾಮೆರಾದಲ್ಲಿ ಈಗ ಯಾರಾದರೂ ದಾಟಲಿ ಎಂದು ಕಾಯುವ ಸ್ಥಿತಿ. ಮುಷ್ಕರ ಎಂಬ ಶಬ್ದವನ್ನು ಕೇರಿಯವರು ಬಳಸಲಿಲ್ಲ. ಕೇಳಿದರೆ ಮೈಗೆ ಹುಷಾರಿಲ್ಲ ಎನ್ನುತ್ತಿದ್ದರು. ಇಡೀ ಕೇರಿಗೆ ಒಟ್ಟಿಗೇ ಹುಷಾರಿಲ್ಲ.

ಆ ದಿನಗಳಲ್ಲೇ ಒಂದು ದಿನ ಯಜಮಾನರು ಅಡಿಕೆ ದರ ವಿಚಾರಿಸಲು ಶಿರಸಿಗೆ ಬಂದವರು ನನ್ನ ಅಂಗಡಿಗೆ ಹೊಕ್ಕರು. ಮಾತಾಡುತ್ತ ಅಭ್ಯಾಸಬಲದಿಂದ ಮೊಬೈಲು ತೆಗೆದು ಸಂಕ ನೋಡಿದರು. ಪರದೆ ನನಗೂ ಕಾಣುತ್ತಿತ್ತು. ಪರದೆಯಲ್ಲಿ ಅವರ ಹೆಂಡತಿ ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಬಾಳೆಗೊನೆ ಹೊತ್ತು, ಸಂಕ ದಾಟಿ ಕೇರಿಯ ಕಡೆ ಹೋಗುತ್ತಿದ್ದರು. ಸಂಕದ ನಡುವೆ ನಿಂತು, ಕ್ಯಾಮೆರಾದ ಕಡೆ ತಿರುಗಿ ಒಮ್ಮೆ ಚೆನ್ನಾಗಿ ನೋಡಿದರು. ಅವರ ಬಳಿ ಚೀಟಿ ಇರಲಿಲ್ಲ. ಯಜಮಾನರು ಮೊಬೈಲನ್ನು ಕಿಸೆಗೆ ಹಾಕಿಕೊಂಡು, ಬಿಸಿಲು ಜೋರಿದೆ ಎಂದು ಹೇಳಿ ಎದ್ದು ಹೋದರು. ಆ ಚಿತ್ರಕ್ಕೆ ಯಾರೂ ಕೆಂಪು ಗೆರೆ ಎಳೆಯಲಿಲ್ಲ.

ಸಮಿತಿ ಅಷ್ಟಕ್ಕೇ ಬಗ್ಗಲಿಲ್ಲ. ಹಾವೇರಿಯ ಕಡೆಯಿಂದ ಒಂದು ಟೆಂಪೋ ತುಂಬ ಆಳುಗಳನ್ನು ಕರೆಸಿದರು. ಅವರು ಬಂದು ತೋಟದಲ್ಲಿ ನಿಂತು, ಕುತ್ತಿಗೆ ಹಿಂದಕ್ಕೆ ಬಾಗಿಸಿ ಮರದ ತುದಿ ನೋಡಿದರು.

“ಇದನ್ನ ಏರಾಕ ನಮ್ಮ ಕೈಲಿ ಆಗೂದಿಲ್ರಿ. ಕೆಳಗ ಬಿದ್ದಿದ್ದು ಆರಸಾಕ ಹೇಳ್ರಿ, ಆರಸ್ತೀವಿ” ಎಂದು ಅವರ ಮೇಸ್ತ್ರಿ ಹೇಳಿದ.

ಲೆಕ್ಚರರ್ ಉದ್ದದ ಫೈಬರ್ ದೋಟಿ ತರಿಸಿ ತಾವೇ ಕೊನೆ ಇಳಿಸಲು ಹೋದರು. ಮೊದಲನೆಯ ಕೊನೆ ಮರದಲ್ಲೇ ಉಳಿಯಿತು, ಅವರ ಕುತ್ತಿಗೆ ಪಟ್ಟಿಯಲ್ಲಿ ಕೂತಿತು. ಟೆಂಪೋ ಬಂದ ದಾರಿಯಲ್ಲೇ ಹೋಯಿತು.

ಆಗ ಸಮಿತಿಯ ಯಾರಿಗೋ ಕೇರಿಯ ಮನೆಗಳು ಅತಿಕ್ರಮಣ ಎಂಬುದು ನೆನಪಾಯಿತು. ಅಜ್ಜಂದಿರ ಕಾಲದಿಂದ ಅವರನ್ನು ಅಲ್ಲಿ ಕೂರಿಸಿಕೊಂಡೇ ಕೆಲಸ ಮಾಡಿಸಿಕೊಂಡವರಿಗೆ ಇದ್ದಕ್ಕಿದ್ದಂತೆ ಕಾಡಿನ ಮೇಲೆ ಪ್ರೀತಿ ಉಕ್ಕಿತು. ಒಂದು ದೂರು ಹೋಯಿತು. ಕೆಲವು ದಿನಗಳಲ್ಲಿ ಅರಣ್ಯ ಇಲಾಖೆಯವರ ಜೀಪು ಬಂತು. ದೂರು ಬಂದ ಮೇಲೆ ಅವರೂ ಸುಮ್ಮನಿರುವಂತಿಲ್ಲ. ಕೊನೆಗೌಡನ ಮನೆಯ ಪಕ್ಕ ಹೊಸದಾಗಿ ಕಟ್ಟಿದ್ದ ಆಡಿನ ಕೊಟ್ಟಿಗೆಯನ್ನು ಬಿಚ್ಚಿಸಿದರು. ಉಳಿದದ್ದನ್ನು ಅಳತೆ ಮಾಡಿ ನೋಡುತ್ತೇವೆ ಎಂದು ಹೇಳಿ ಹೋದರು.

ಮರುದಿನ ಕೇರಿಯವರೆಲ್ಲ ಬಸ್ಸು ಹತ್ತಿ ಶಿರಸಿಗೆ ಬಂದರು. ಮಕ್ಕಳು, ಮುದುಕಿಯರು, ಎಲ್ಲರೂ. ಬೇರೆ ಊರುಗಳ, ಅವರಂತೆಯೇ ಕಾಗದವಿಲ್ಲದವರು ಎಷ್ಟೋ ಮಂದಿ ಸುದ್ದಿ ಕೇಳಿ ಜೊತೆಗೂಡಿದರು. ಅರಣ್ಯ ಇಲಾಖೆಯ ಕಚೇರಿಯ ಎದುರಿನ ರಸ್ತೆಯಲ್ಲಿ ಕೂತರು. ಪೊಲೀಸ್ ವ್ಯಾನು ಬಂದು ನಿಂತಿತು, ಅಂಗಡಿಗಳವರು ಅರ್ಧ ಶಟರ್ ಎಳೆದರು. ನಾನೂ ಎಳೆದು ನೋಡಲು ಹೋದೆ. ನನ್ನ ಪಕ್ಕ ನಿಂತಿದ್ದ ಬಟ್ಟೆ ಅಂಗಡಿಯವರು, ಈ ಜನಕ್ಕೆ ಎಷ್ಟು ಕೊಟ್ಟರೂ ತೃಪ್ತಿಯಿಲ್ಲ, ಸಮಾಜದ ಶಾಂತಿ ಕೆಡಿಸುತ್ತಾರೆ ಎಂದರು. ಕೊಟ್ಟದ್ದು ಏನೆಂದು ನಾನು ಯೋಚಿಸಿದೆ. ನನಗೆ ಗೊತ್ತಿದ್ದ ಮಟ್ಟಿಗೆ ಒಂದು ಬಾಳೆಗೊನೆ.

ಅಧಿಕಾರಿಯೊಬ್ಬರು ಹೊರಗೆ ಬಂದು ಏನು ಬೇಕೆಂದು ಕೇಳಿದರು. ಮುಂದೆ ಕೂತಿದ್ದ ಕೊನೆಗೌಡನ ಹೆಂಡತಿ ಎದ್ದು ನಿಂತಳು.

“ನಮ್ದು ಅಳೀರಿ ಸರ್, ಬೇಡ ಅನ್ನೂದಿಲ್ಲ. ಆದ್ರೆ ಅಳೆಯೂದಾದ್ರೆ ಹಳ್ಳದ ಎರಡೂ ಬದಿ ಅಳೀರಿ” ಎಂದಳು.

ಅಷ್ಟೇ ಅವಳು ಹೇಳಿದ್ದು. ಸುತ್ತ ಕೂತವರು ಅದನ್ನೇ ಹಿಡಿದುಕೊಂಡರು. ಎಲ್ಲರದ್ದೂ ಅಳೀರಿ, ಎಲ್ಲರದ್ದೂ ಅಳೀರಿ ಎಂದು ರಸ್ತೆಯುದ್ದಕ್ಕೂ ಕೂಗೆದ್ದಿತು. ಅಧಿಕಾರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅರ್ಜಿ ಕೊಡಿ, ಅಳೆಯುತ್ತೇವೆ ಎಂದರು. ಜನ ಸಂಜೆಗೆ ಸಮಾಧಾನದಿಂದಲೇ ಬಸ್ಸು ಹತ್ತಿದರು.

ಗಾಬರಿಯಾದದ್ದು ಹಳ್ಳದ ಈಚೆ. ತೋಟಗಳಿಗೆ ಸೊಪ್ಪು ತರಲೆಂದು ಹಿಂದಿನ ಕಾಲದಲ್ಲಿ ಬಿಟ್ಟುಕೊಟ್ಟ ಬೆಟ್ಟ ಆ ಊರಿನ ಸುತ್ತ ಇದೆ. ಸೊಪ್ಪು ತರುವ ಹಕ್ಕು ಮಾತ್ರ ಅದು. ಆದರೆ ದರ ಬಂದ ವರ್ಷಗಳಲ್ಲಿ ತೋಟಗಳು ಸದ್ದಿಲ್ಲದೆ ಬೆಟ್ಟ ಹತ್ತಿದ್ದವು. ಒಬ್ಬರ ಅಡಿಕೆ ಸಸಿ, ಇನ್ನೊಬ್ಬರ ಕಾರಿನ ಶೆಡ್ಡು, ಲೆಕ್ಚರರ ಮನೆಯ ಹಿಂದಿನ ಹೂದೋಟ, ಎಲ್ಲ ಅಲ್ಲೇ. ಯಜಮಾನರ ಅಂಗಳದ ಅರ್ಧ ಭಾಗವೂ ಬೆಟ್ಟದ್ದು. ನನ್ನ ಕ್ಯಾಮೆರಾ ನಿಂತ ಕಂಬ, ಯಾವುದು ಕೇರಿಯನ್ನು ಕಾಯುತ್ತಿತ್ತೋ ಅದು, ಹುಗಿದದ್ದೂ ಅರಣ್ಯದ ಜಾಗದಲ್ಲಿ. ಅತಿಕ್ರಮಣ ಎಂಬ ಶಬ್ದವನ್ನು ಅವರು ಅದಕ್ಕೆ ಬಳಸುತ್ತಿರಲಿಲ್ಲ. ಬೆಟ್ಟ ಸುಧಾರಣೆ ಎನ್ನುತ್ತಿದ್ದರು.

ಸಮಿತಿಯ ತುರ್ತು ಸಭೆಯಾಯಿತು. ದೂರು ವಾಪಸ್ಸಾಯಿತು. ಊರಿನ ಸೌಹಾರ್ದ ದೊಡ್ಡದು, ನಾವೆಲ್ಲ ತಲೆಮಾರುಗಳಿಂದ ಒಟ್ಟಿಗೆ ಬದುಕಿದವರು ಎಂಬ ಮಾತುಗಳು ಕೇಳಿಬಂದವು. ಕೇರಿಯ ಹಿರಿಯರನ್ನು ಕರೆಸಿ ಮಾತಾಡಿದರು. ಅಂದು ಚಹ ಕಾಗದದ ಲೋಟದಲ್ಲಿ ಬರಲಿಲ್ಲ, ಮನೆಯ ಸ್ಟೀಲ್ ಲೋಟದಲ್ಲೇ ಬಂತು. ಅದನ್ನು ಕೇರಿಯವರು ಗಮನಿಸಿದರು, ಕೊಟ್ಟವರೂ ಅವರು ಗಮನಿಸಲಿ ಎಂದೇ ಕೊಟ್ಟಿದ್ದರು. ಕೂಲಿ ಏರಿತು. ಬಿಚ್ಚಿದ ಕೊಟ್ಟಿಗೆಯನ್ನು ಮತ್ತೆ ಕಟ್ಟಲು ಯಜಮಾನರೇ ಅಡಿಕೆ ಮರ ಸೀಳಿದ ದಬ್ಬೆ ಕೊಟ್ಟರು. ಕೇರಿಯವರು ಅರ್ಜಿ ಹಾಕಲಿಲ್ಲ. ಅಳತೆಯ ಮಾತನ್ನು ಯಾರೂ ಎತ್ತಲಿಲ್ಲ. ಮೂಲೆಯ ಕಿವಿಕೇಳದ ಹಿರಿಯರು ಮೊದಲೇ ಹೇಳಿದ್ದು ಇದನ್ನೇ ಅಲ್ಲವೆ ಎಂದು ನನಗನಿಸಿತು. ಕೊಯ್ಲು ಮುಗಿಯಿತು.

ಕೊಯ್ಲು ಮುಗಿದು ಮೆಣಸು ಒಣಗುತ್ತಿದ್ದ ದಿನಗಳಲ್ಲಿ ಯಜಮಾನರಿಂದ ಫೋನು ಬಂತು. ಉಗ್ರಾಣದಿಂದ ಮತ್ತೆ ಚೀಲ ಹೋಗಿದೆ. ಈ ಸಲ ಬಿಡುವುದಿಲ್ಲ, ಕ್ಯಾಮೆರಾ ಇದೆಯಲ್ಲ ಎಂದು ಅವರ ದನಿಯಲ್ಲಿ ಒಂದು ಹುರುಪೇ ಇತ್ತು. ಹೋದೆ. ಯಜಮಾನರು, ಲೆಕ್ಚರರ್, ನಾನು ಟೀವಿಯ ಮುಂದೆ ಕೂತೆವು. ಮೊದಲು ಸಂಕವನ್ನು ನೋಡಿದರು. ದಿನವಿಡೀ ದಾಟಿದವರನ್ನೆಲ್ಲ ನೋಡಿದೆವು, ಯಾರ ಕೈಯಲ್ಲೂ ಚೀಲವಿರಲಿಲ್ಲ. ಉಗ್ರಾಣದ ಮೇಲಿನದನ್ನೂ ನೋಡೋಣ ಎಂದು ನಾನೇ ಹಾಕಿದೆ.

ಊರವರೆಲ್ಲ ಒಂದು ಉಪನಯನದ ಊಟಕ್ಕೆ ಹೋಗಿದ್ದ ಮಧ್ಯಾಹ್ನ. ಯಜಮಾನರ ಅಣ್ಣನ ಮಗ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತ ಬಂದ. ಮೂವತ್ತರ ಆಸುಪಾಸಿನವನು, ಪಕ್ಕದ ಮನೆಯವನೇ, ಸಮಿತಿಯ ವಾಟ್ಸಾಪ್ ಗ್ರೂಪು ಮಾಡಿಕೊಟ್ಟವನೂ ಅವನೇ. ಬಾಗಿಲು ತೆಗೆದ. ಚೀಲ ಎಳೆದು ತಂದು ಕಾರಿನ ಡಿಕ್ಕಿಗೆ ಹಾಕಿದ. ಇನ್ನೊಂದು ಚೀಲ ತಂದ. ಕಾರಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೊರಟ. ಊಟಕ್ಕೆ ಹೊತ್ತಾಗಿತ್ತಲ್ಲ.

ಅವನು ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗು ಆಡುತ್ತಾನೆಂದು ಪೇಟೆಯಲ್ಲಿ ನನಗೂ ಕಿವಿಗೆ ಬಿದ್ದಿತ್ತು. ಯಜಮಾನರಿಗೆ ಬಿದ್ದಿರಲಿಲ್ಲವೆಂದರೆ ನಂಬುವುದು ಕಷ್ಟ. ಆದರೂ ಅವರ ಮುಖ ನೋಡಿ ನನಗೆ ನಗು ಬರಲಿಲ್ಲ. ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಟೀವಿಯನ್ನೇ ನೋಡುತ್ತಿದ್ದರು, ಯಾವುದೋ ಸಾವಿನ ಸುದ್ದಿ ಕೇಳಿದವರ ಹಾಗೆ.

ಮೊದಲು ಚೇತರಿಸಿಕೊಂಡವರು ಲೆಕ್ಚರರ್. ಈಗಿನ ಯುವಕರ ಮೇಲೆ ಬಹಳ ಒತ್ತಡವಿದೆ ಎಂದರು. ಹಳ್ಳಿಯಲ್ಲಿರುವ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ, ಅದರಿಂದ ಖಿನ್ನತೆ ಬರುತ್ತದೆ, ಮೊಬೈಲಿನ ಗೀಳು ಒಂದು ಕಾಯಿಲೆ, ಇದನ್ನು ಕಳವು ಎನ್ನಲಾಗದು, ಆಪ್ತಸಲಹೆ ಬೇಕು ಎಂದರು. ಕೇರಿಯ ವಿಷಯದಲ್ಲಿ ಅರ್ಥಶಾಸ್ತ್ರವಾಗಿದ್ದದ್ದು ಅಣ್ಣನ ಮಗನ ವಿಷಯದಲ್ಲಿ ಮನಶ್ಶಾಸ್ತ್ರವಾಗಿತ್ತು. ನಾನು ಪೊಲೀಸರಿಗೆ ಹೇಳುತ್ತೀರಾ ಎಂದು ಕೇಳಿದೆ. ಕೇಳಬಾರದಿತ್ತು ಎಂಬಂತೆ ಇಬ್ಬರೂ ನನ್ನನ್ನು ನೋಡಿದರು.

“ಇದು ಮನೆ ವಿಷ್ಯ ತಮಾ. ಹೊರಗೆ ಹೋಪದು ಬೇಡ. ಅದನ್ನ ಅಳಿಸಿಕ್ಕು” ಎಂದರು ಯಜಮಾನರು.

“ಆನು ಅಳಿಸ್ತ್ನಿಲ್ಲೆ. ಪೆಟ್ಟಿಗೆ ನಿಂಗಳದ್ದು” ಎಂದು ಹೇಳಿ, ಏಣಿ ಹೊತ್ತು ಬಂದೆ.

ಎರಡು ದಿನದ ಮೇಲೆ, ಮಂಗ ವಯರು ಕಡಿದು ಪೆಟ್ಟಿಗೆ ಸುಟ್ಟುಹೋಯಿತೆಂದು ಸಮಿತಿಯ ಗ್ರೂಪಿನಲ್ಲಿ ಸುದ್ದಿ ಬಂತು. ಎಲ್ಲ ವಯರುಗಳಲ್ಲಿ ದೇವರ ಕೋಣೆಯೊಳಗಿನದನ್ನೇ ಹುಡುಕಿ ಕಡಿದ ಮಂಗ. ಆದರೆ ಅಷ್ಟರಲ್ಲಿ ತಡವಾಗಿತ್ತು. ಉಗ್ರಾಣದ ಕ್ಯಾಮೆರಾವೂ ಎಲ್ಲರ ಮೊಬೈಲಿನಲ್ಲಿ ಇತ್ತಲ್ಲ. ಸಂಕ ನೋಡಿ ನೋಡಿ ಬೇಸರವಾದ ಯಾರೋ ಅದನ್ನು ತೆರೆದು ನೋಡಿ, ನಾನು ಕಲಿಸಿದ ಹಾಗೇ ಉಳಿಸಿಕೊಂಡಿದ್ದರು. ಈ ಸಲ ಗ್ರೂಪಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಮಾತ್ರ ಎಂದು ಕಳಿಸುತ್ತ ಕಳಿಸುತ್ತ ಅದು ಒಂದು ವಾರದಲ್ಲಿ ಸಂಕ ದಾಟಿ ಕೇರಿಗೂ ಹೋಯಿತು.

ಕೇರಿಯಲ್ಲಿ ದೊಡ್ಡ ಗಲಾಟೆಯಾಗುತ್ತದೆಂದು ನಾನು ಎಣಿಸಿದ್ದೆ. ಆಗಲಿಲ್ಲ. ಒಂದು ಸಂತೆಯ ದಿನ ಕೊನೆಗೌಡನ ಹೆಂಡತಿ ನನ್ನ ಅಂಗಡಿಗೆ ಬಂದಳು. ಚೀಲ ಕೆಳಗಿಟ್ಟು, ಗೋಡೆಗೆ ಸಾಲಾಗಿ ನೇತುಹಾಕಿದ್ದ ಕ್ಯಾಮೆರಾಗಳನ್ನು ನೋಡಿ, ಎಲ್ಲಕ್ಕಿಂತ ಕಡಿಮೆಯದು ಯಾವುದೆಂದು ಕೇಳಿದಳು. ನಾನು, ಕಳ್ಳರ ಕಾಟವೇ ಎಂದು ಅರ್ಧ ತಮಾಷೆಯಲ್ಲಿ ಕೇಳಿದೆ. ಕೇರಿಯಲ್ಲಿ ಕದಿಯುವಂಥದ್ದು ಏನಿದೆ ಎಂದು ಅವಳೂ ನಕ್ಕಳು. ಕೇರಿಯವರೆಲ್ಲ ಸೇರಿ ಹಾಕಿಸುತ್ತಾರಂತೆ. ಸಂಕದ ಆಚೆ ತುದಿಯಲ್ಲಿ, ಹಳ್ಳದ ಈಚೆಗೆ ಮುಖ ಮಾಡಿ. ಏಕೆಂದು ಕೇಳಿದೆ.

“ನಾವು ಬರಿಗೈಲಿ ಹೋದ್ವು, ಬರಿಗೈಲಿ ಬಂದ್ವು ಅನ್ನೂದಕ್ಕೆ ನಮ್ಮ ಹತ್ರನೂ ಒಂದು ಇರ್ಲಿ. ಅವ್ರದ್ದು ಯಾವಾಗ ಬೇಕಾದ್ರೂ ಸುಟ್ಟೋಗ್ತದೆ” ಎಂದಳು.

ಕಳ್ಳನನ್ನು ಹಿಡಿಯಲು ಕ್ಯಾಮೆರಾ ಕೇಳಿಕೊಂಡು ಬಂದ ಎಷ್ಟೋ ಜನರನ್ನು ನೋಡಿದ್ದೇನೆ. ತಾವು ಕಳ್ಳರಲ್ಲ ಎಂದು ತೋರಿಸಲು ಕೇಳಿಕೊಂಡು ಬಂದವಳು ಅವಳೊಬ್ಬಳೇ. ಮುಂದಿನ ಭಾನುವಾರ ಹೋಗಿ ಹಾಕಿಕೊಟ್ಟೆ. ಕೊನೆಗೌಡ ನನ್ನ ಏಣಿ ಬೇಡವೆಂದು ಹೇಳಿ, ಕ್ಯಾಮೆರಾವನ್ನು ಬಾಯಲ್ಲಿ ಕಚ್ಚಿಕೊಂಡು ಮರ ಹತ್ತಿ ತಾನೇ ಕಟ್ಟಿದ. ಸಮಿತಿಯವರ ಸುಟ್ಟ ಪೆಟ್ಟಿಗೆಯ ಜಾಗಕ್ಕೆ ಅಷ್ಟರಲ್ಲಿ ಹೊಸದು ಬಂದಿತ್ತು. ಈಗ ಸಂಕದ ಎರಡೂ ಬದಿಯಲ್ಲಿ ಎರಡು ಕ್ಯಾಮೆರಾಗಳು ಒಂದನ್ನೊಂದು ನೋಡುತ್ತ ನಿಂತಿವೆ.

ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಯಾರನ್ನೋ ಕಂಡು ಬಂದ. ಗುಣವಾಯಿತಂತೆ. ಮೊನ್ನೆ ಊರಿನ ಶಾಲೆಯ ಕಾರ್ಯಕ್ರಮದಲ್ಲಿ ಮೊಬೈಲಿನ ದುಷ್ಪರಿಣಾಮಗಳ ಬಗ್ಗೆ ಮಕ್ಕಳಿಗೆ ತಿಳಿಹೇಳಿದನೆಂದು ಪೇಪರಿನಲ್ಲಿ ಫೋಟೋ ಬಂದಿತ್ತು. ಕೊನೆಗೌಡನ ಹೆಂಡತಿ ಅದೇ ಮನೆಗಳಿಗೆ ಕೆಲಸಕ್ಕೆ ಹೋಗುತ್ತಾಳೆ. ಬೇರೆಲ್ಲಿಗೆ ಹೋಗಬೇಕು? ಆದರೆ ಯಾರು ಏನು ಕೊಟ್ಟರೂ ತರುವುದಿಲ್ಲವಂತೆ.

ಕಳೆದ ವಾರ ಯಜಮಾನರ ಫೋನು ಬಂತು. ದನಿ ಬಹಳ ನೊಂದಿತ್ತು.

“ಅವರ ಕ್ಯಾಮೆರಾ ಯಂಗಳ ಅಂಗಳ ನೋಡ್ತಡ. ಮನೆ ಹೆಂಗಸ್ರು ಓಡಾಡ್ತ, ಯಾರ್ಯಾರೋ ಬಂದು ಹೋಗ್ತ. ಮರ್ಯಾದಸ್ಥರಿಗೆ ಹಿಂಗಾದ್ರೆ ಹೆಂಗೆ? ನೀನೇ ಹಾಕಿದ್ದಡ, ರಾಶಿ ತಿರುಗ್ಸದು ಬೇಡ, ಒಂಚೂರು ತಿರುಗ್ಸು” ಎಂದರು.

ಕೇಳಿ ಹೇಳುತ್ತೇನೆಂದು ಕೇರಿಗೆ ಫೋನು ಮಾಡಿದೆ. ತಿರುಗಿಸಲು ಅಡ್ಡಿಯಿಲ್ಲ, ಅವರದ್ದನ್ನೂ ಅದೇ ದಿನ ತಿರುಗಿಸಿದರೆ ಆಯಿತು ಎಂದು ಆಕೆ ಹೇಳಿದಳು. ಅದನ್ನು ಹಾಗೇ ಯಜಮಾನರಿಗೆ ತಲುಪಿಸಿದೆ. ಅವರು, ಅದು ತಾವೊಬ್ಬರೇ ತೀರ್ಮಾನ ಮಾಡುವ ವಿಷಯವಲ್ಲ, ಸಮಿತಿಯ ಮುಂದಿಡಬೇಕು ಎಂದರು. ಸಮಿತಿ ಇನ್ನೂ ಸೇರಿಲ್ಲ.